ಬಿಡುಗಡೆಯಾಗದ ದನಿ

ನನಗೆ ಕಣ್ಣು ಕಾಣುವುದಿಲ್ಲ. ತೀರ ಚಿಕ್ಕವಳಿದ್ದಾಗ ಕಾಣುತ್ತಿತ್ತಂತೆ, ದಡಾರ ಬಂದುಹೋದ ಮೇಲೆ ಇಲ್ಲ. ನೆನಪಿನಲ್ಲಿ ಒಂದು ಬಣ್ಣವೂ ಉಳಿದಿಲ್ಲ. ಮನೆ ನಂಜನಗೂಡಿನಲ್ಲಿ. ನಮ್ಮ ಯಜಮಾನರಿಗೆ ಅಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ನಾನು ಟಿ. ನರಸೀಪುರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸಿನಲ್ಲೇ ಬರುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಬಾಗಿಲ ಹತ್ತಿರದ ವಿಚಾರಣೆ ಮೇಜಿಗೆ ಕೂರಿಸಿದ್ದರು. ಅಲ್ಲೊಂದು ಫೋನಿತ್ತು, ಅದು ಬಡಿದುಕೊಂಡರೆ ಎತ್ತಬೇಕು. ಬಡಿದುಕೊಳ್ಳುತ್ತಿದ್ದುದು ಅಪರೂಪ. ಬಂದ ಜನ "ಸಾಯೇಬ್ರು ಅವ್ರಾ?" ಎಂದು ಕೇಳಿ, ನಾನು ಬಾಯಿ ತೆರೆಯುವುದರೊಳಗೆ ತಾವೇ ಇಣುಕಿ ನೋಡಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಸಂಬಳ ಬರುತ್ತಿತ್ತು. ಯಾರೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ಒಂದೇ ಪ್ರಶ್ನೆ ಏಳುತ್ತಿತ್ತು. ಬೆಳಿಗ್ಗೆಯಿಂದ ನಾನು ಏನು ಮಾಡಿದೆ ಅಂತ ಈ ಅನ್ನ?

ಆ ಮೇಜಿನಿಂದ ನನ್ನನ್ನು ಎಬ್ಬಿಸಿದ್ದು ಒಂದು ಸಾಫ್ಟ್‌ವೇರು. ಕಂಪ್ಯೂಟರಿನ ಪರದೆಯ ಮೇಲೆ ಇರುವುದನ್ನೆಲ್ಲ ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಅಂಥವು ಬಿಟ್ಟಿಯಾಗಿಯೂ ಸಿಗುತ್ತವೆ, ಆದರೆ ನಮ್ಮ ಕಚೇರಿಯ ಕಡತಗಳೆಲ್ಲ ಹಳೆಯ ಕಾಲದ ಫಾಂಟುಗಳಲ್ಲಿ ಟೈಪಾದವು. ಕಣ್ಣಿದ್ದವರಿಗೆ ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ. ಒಳಗೆ ಇರುವುದು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಬಿಟ್ಟಿ ಸಾಫ್ಟ್‌ವೇರುಗಳು ಆ ಕಲಸುಮೇಲೋಗರವನ್ನೇ ಓದುತ್ತಿದ್ದವು. ಇದೊಂದೇ ಅದನ್ನು ಬಿಡಿಸಿ ಕನ್ನಡ ಮಾಡಿ ಹೇಳುತ್ತಿತ್ತು. ಒಂದು ಸಣ್ಣ ಕಂಪನಿ ಅದನ್ನು ಮಾಡಿ ಮಾರುತ್ತಿತ್ತು. ನಾನು ಕೊಂಡುಕೊಂಡೆ, ಕಚೇರಿಯ ಕಂಪ್ಯೂಟರಿಗೆ ಹಾಕಿಸಿದೆ, ಹಳೆಯ ಕಡತ ಓದಿ ಹೊಸ ಅರ್ಜಿಗಳಿಗೆ ಉತ್ತರದ ಕರಡು ಬರೆಯುವ ಕೆಲಸ ಕೇಳಿ ಪಡೆದೆ.

ಅದರ ದನಿ ಒಬ್ಬ ಹೆಂಗಸಿನದು. ಸ್ಪಷ್ಟ, ನಿಧಾನ, ಉದ್ದದ ಪದಗಳಿಗೆ ಮುಂಚೆ ಒಂದು ಚಿಟಿಕೆ ಉಸಿರು. ಕಚೇರಿಯಲ್ಲಿ ದಿನವಿಡೀ ಹೆಡ್‌ಫೋನಿನೊಳಗೆ ಆಕೆ ನನ್ನ ಜೊತೆ ಇರುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಯಜಮಾನರ ದನಿಗಿಂತ ಹೆಚ್ಚಾಗಿ ಆ ದನಿಯನ್ನೇ ಕೇಳಿದ್ದೇನೆ. ಅದಕ್ಕೊಬ್ಬ ಒಡತಿ ಇರಬಹುದೆಂದು ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ.

ಒಂದು ದಿನ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಕಂಪ್ಯೂಟರುಗಳನ್ನೆಲ್ಲ ಬದಲಾಯಿಸುತ್ತಾರಂತೆ, ಮುಂದಿನ ಸೋಮವಾರ ಹೊಸವು ಬರುತ್ತವಂತೆ.

"ನಿಮ್ಮ ಆ ಮಾತಾಡೋ ಸಾಫ್ಟ್‌ವೇರು ಹೊಸದ್ರಲ್ಲಿ ಬರುತ್ತಾ?"

"ಬರುತ್ತೆ ಸರ್. ಅದು ಈ ಮಷೀನಿಗೇ ಕಟ್ಟಿರೋದು. ಕಂಪನಿಯವರ ಹತ್ತಿರ ಹೊಸ ಕೀ, ಅಂದ್ರೆ ಅದನ್ನ ತೆರೆಯೋ ನಂಬರು, ತಗೋಬೇಕು, ಅಷ್ಟೆ."

"ಬರದಿದ್ರೂ ಚಿಂತೆ ಮಾಡ್ಬೇಡಿ. ನಿಮಗೆ ತೊಂದರೆ ಆಗೋದು ನನಗೂ ಇಷ್ಟ ಇಲ್ಲ. ಮುಂದುಗಡೆ ವಿಚಾರಣೆ ಮೇಜು ಖಾಲಿ ಇದೆ, ಅಲ್ಲಿ ಆರಾಮಾಗಿ ಕೂತ್ಕೋಬಹುದು."

ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದಕ್ಕೇ ನನಗೆ ಹೆದರಿಕೆ ಹತ್ತಿತು. ಸಿಟ್ಟಿನಿಂದ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಕಂಪನಿಗೆ ಫೋನ್ ಮಾಡಿದೆ. ಆ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದಿತು. ಇಮೇಲ್ ಕಳಿಸಿದೆ, ತಕ್ಷಣ ವಾಪಸು ಬಂತು. ಅದೇ ಸಾಫ್ಟ್‌ವೇರು ಬಳಸುವ ಕಣ್ಣು ಕಾಣದವರದ್ದು ಒಂದು ವಾಟ್ಸಾಪ್ ಗುಂಪಿದೆ, ಅಲ್ಲಿ ಕೇಳಿದೆ. ಗುಂಪಿನಲ್ಲಿ ನನಗೆ ಹೆಚ್ಚು ಪರಿಚಯವಿದ್ದ ಗೆಳೆಯರೊಬ್ಬರು ಆಗಲೇ ಫೋನ್ ಮಾಡಿದರು. ಅವರು ಬೇರೆ ಜಿಲ್ಲೆಯೊಂದರ ಬ್ಯಾಂಕಿನಲ್ಲಿ ಕೆಲಸದಲ್ಲಿರುವವರು, ಅವರಿಗೂ ಕಣ್ಣಿಲ್ಲ, ಪ್ರೋಗ್ರಾಮಿಂಗ್ ಚೆನ್ನಾಗಿ ಬಲ್ಲರು.

"ಆ ಕಂಪನಿ ಮುಚ್ಚಿಹೋಯ್ತು ಕಣ್ರೀ. ಆದ್ರೆ ಮಾಲೀಕರು ಒಂದು ಒಳ್ಳೇ ಕೆಲಸ ಮಾಡಿದ್ದಾರೆ. ಮುಚ್ಚೋಕೆ ಮುಂಚೆ ಪೂರ್ತಿ ಸೋರ್ಸ್ ಕೋಡ್ ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಯಾರು ಬೇಕಾದ್ರೂ ತಗೋಬಹುದು, ತಿದ್ದಬಹುದು. ಇನ್ನು ಕೀ ಗೀ ಏನೂ ಬೇಡ."

ನನಗೆ ಜೀವ ಬಂದ ಹಾಗಾಯಿತು. ಆ ನೆಮ್ಮದಿ ಮಾರನೆಯ ದಿನದವರೆಗೆ ಇತ್ತು. ಅವರು ಕೋಡ್ ಇಳಿಸಿಕೊಂಡು ನೋಡಿ ಮತ್ತೆ ಫೋನ್ ಮಾಡಿದರು. ಅವರ ಮಾತಿನಲ್ಲಿ ಹಿಂದಿನ ದಿನದ ಉತ್ಸಾಹ ಒಂದಿಷ್ಟೂ ಇರಲಿಲ್ಲ.

"ಹಳೇ ಫಾಂಟು ಬಿಡಿಸೋ ಭಾಗ ಇದೆ. ಓದೋ ಭಾಗ ಇದೆ. ದನಿ ಇಲ್ಲ. ದನಿಯ ಹಕ್ಕು ನಮ್ಮದಲ್ಲ, ಆದ್ದರಿಂದ ಸೇರಿಸಿಲ್ಲ ಅಂತ ಬರೆದಿಟ್ಟಿದ್ದಾರೆ."

ಮಾಲೀಕರ ನಂಬರು ಹೇಗೋ ಅವರ ಹತ್ತಿರ ಇತ್ತು. ಆ ಸಂಜೆ ನಾನೇ ಮಾತಾಡಿದೆ. ಕಚೇರಿ, ಸೋಮವಾರ, ವಿಚಾರಣೆ ಮೇಜು ಎಲ್ಲ ಹೇಳಿಕೊಂಡೆ. ಹಳೆಯ ಗಿರಾಕಿ ಎಂದು ಗೊತ್ತಾಗಿ ಆತ ಮೃದುವಾದರು.

"ಕೀ ಕೊಡೋ ಸರ್ವರೇ ಈಗಿಲ್ಲಮ್ಮ."

"ಆ ದನಿನಾದ್ರೂ ಬಿಡಬಹುದಿತ್ತಲ್ಲ ಸರ್."

ಆತ ದನಿ ತಗ್ಗಿಸಿದರು.

"ಅದು ಒಬ್ಬ ಟೀಚರ್ ಕೊಟ್ಟ ದನಿ. ಅವರು ಒಪ್ಪಲಿಲ್ಲ. ಒಪ್ಪದೇ ಇರೋಕೆ ಅವರಿಗೆ ಕಾರಣ ಇದೆ, ಆ ಕಾರಣ ನಾನೇ. ನಿಮ್ಮ ಕಡೆಯೋರೇ ಅವರು, ಬದನವಾಳಿನಲ್ಲಿದ್ದಾರೆ."

ನಂಜನಗೂಡಿನಿಂದ ಬದನವಾಳು ಎಷ್ಟು ದೂರ? ಸ್ಕೂಟರಿನಲ್ಲಿ ಹೊರಟರೆ ರೇಡಿಯೋದಲ್ಲಿ ಒಂದು ವಾರ್ತೆ ಮುಗಿಯುವಷ್ಟರಲ್ಲಿ ತಲುಪುವ ದಾರಿ. ಒಂದು ಸಲ ಅವರನ್ನು ಭೇಟಿಯಾಗುತ್ತೇನೆ, ಕೇಳಿ ನೋಡಿ ಎಂದೆ. ಆತನೇ ಮಾತಾಡಲು ಹಿಂಜರಿದು, ಬೇರೆಯವರ ಮೂಲಕ ಹೇಳಿ ಕಳಿಸಿ, ಶುಕ್ರವಾರ ನನಗೆ ತಿಳಿಸಿದರು: "ಭಾನುವಾರ ಬರಲಿ ಅಂದಿದ್ದಾರೆ. ಒಪ್ತಾರೆ ಅಂತ ಮಾತ್ರ ಅಂದ್ಕೋಬೇಡಿ."

ಇದನ್ನು ಗೆಳೆಯರಿಗೆ ಹೇಳಿದಾಗ ಅವರು ಬೇರೆಯದೇ ಮಾತು ತೆಗೆದರು.

"ನಿಮ್ಮ ಮಷೀನಲ್ಲಿರೋದು ಮೊದಲನೇ ಆವೃತ್ತಿ ಅಲ್ವಾ? ಅದರಲ್ಲಿ ದನಿಯ ಫೈಲುಗಳಿಗೆ ಬೀಗ ಹಾಕಿರಲಿಲ್ಲ. ಆಮೇಲಿನವಕ್ಕೆಲ್ಲ ಹಾಕಿದ್ರು. ಗುಂಪಲ್ಲಿ ಇನ್ಯಾರ ಹತ್ರವೂ ಹಳೇದು ಉಳಿದಿಲ್ಲ. ಆ ಫೋಲ್ಡರ್ ಕಾಪಿ ಮಾಡಿ ನನಗೆ ಕಳಿಸಿ. ಎಲ್ಲರಿಗೂ ಆಗುತ್ತೆ."

"ಅವರನ್ನ ಕೇಳದೇನಾ?"

"ಕೇಳಿದ್ರೆ ಇಲ್ಲ ಅಂತಾರೆ. ಸೋಮವಾರ ಆ ಮಷೀನು ಗುಜರಿಗೆ ಹೋಗುತ್ತೆ. ಆಮೇಲೆ ಬೀಗ ಇಲ್ಲದ ದನಿ ಪ್ರಪಂಚದಲ್ಲಿ ಎಲ್ಲೂ ಇರಲ್ಲ. ಯೋಚನೆ ಮಾಡಿ."

ಶನಿವಾರ ಕೆಲಸ ಮುಗಿಸಿ ಎಲ್ಲರೂ ಏಳುತ್ತಿದ್ದಾಗ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಕಾಪಿಯಾಗುತ್ತಿರುವುದನ್ನು ಆ ದನಿಯೇ ಓದಿ ಹೇಳುತ್ತಿತ್ತು, ಇಷ್ಟಾಯಿತು, ಇನ್ನಿಷ್ಟಿದೆ ಎಂದು. ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತೆ. ಯಾರಿಗೂ ಕಳಿಸಿರಲಿಲ್ಲ. ಕಳಿಸುವುದಿಲ್ಲ ಎಂದೂ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಭಾನುವಾರ ಯಜಮಾನರು ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಪೆನ್‌ಡ್ರೈವಿನ ವಿಷಯ ಅವರಿಗೆ ಹೇಳಿದ್ದೆ. ದಾರಿಯಲ್ಲಿ ಅವರು ಹೇಳಿದ್ದು ಇಷ್ಟೇ: "ನಿಂಗೆ ಏನ್ ಸರಿ ಅನ್ಸುತ್ತೋ ಅದ್ ಮಾಡು. ಆಮೇಕೆ ಕೊರಗ್ಬಾರ್ದು, ಅಷ್ಟೇಯ."

ಸ್ಕೂಟರ್ ನಿಂತಿತು. ಬಾಗಿಲು ತೆಗೆದ ಸದ್ದಾಯಿತು.

"ಬನ್ನಿ ಬನ್ನಿ, ಒಳಿಕ್ ಬನ್ನಿ. ಅಲ್ಲೊಂದ್ ಮೆಟ್ಲೈತೆ, ಉಷಾರು."

ನಾನು ಅಲ್ಲೇ ನಿಂತುಬಿಟ್ಟೆ. ಅದೇ ದನಿ. ವಯಸ್ಸಾಗಿತ್ತು, ಅಂಚು ಸ್ವಲ್ಪ ಒರಟಾಗಿತ್ತು, ಆದರೆ ಅದೇ. ಉದ್ದದ ಮಾತಿಗೆ ಮುಂಚೆ ಅದೇ ಚಿಟಿಕೆ ಉಸಿರು. ಅರ್ಜಿ, ಸುತ್ತೋಲೆ, ಜ್ಞಾಪನಗಳನ್ನು ಒಂದು ಅಕ್ಷರ ಜಾರದಂತೆ ಓದುತ್ತಿದ್ದ ಆ ಬಾಯಿ ಹಕಾರ ನುಂಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಕೆ ನನ್ನ ಮೊಣಕೈ ಹಿಡಿದು ಒಳಗೆ ಕರೆದುಕೊಂಡರು. ಬೆಚ್ಚಗಿನ ಕೈ. ಕುರ್ಚಿಗೆ ಕೂರಿಸಿ ಮಜ್ಜಿಗೆ ಕೊಟ್ಟರು.

"ನಿಮ್ಮ ದನಿನ ದಿನಾ ಕೇಳ್ತೀನಿ ಮೇಡಂ," ಎಂದೆ. ಬೇರೆ ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ.

"ಕೇಳ್ದೆ. ಅದ್ರಿಂದ ನಿಮ್ಗೆ ಕೆಲಸ ಸಿಕ್ತು ಅಂದ್ರು. ನಂಗೆ ಸಂತೋಷವೇ. ನಾನು ದನಿ ಕೊಟ್ಟಿದ್ದೂ ಅದ್ಕೇಯ. ಕಣ್ ಕಾಣ್ದೋರ್ಗೆ ಓದಕ್ಕಾಯ್ತದೆ ಅಂದ್ರು. ಬೇಸಿಗೆ ರಜ ಪೂರಾ ಒಂದ್ ಮುಚ್ಚಿದ್ ರೂಮಲ್ಲಿ ಕೂತ್ಕಂಡು ಅರ್ಥವೇ ಇಲ್ದಿರೋ ವಾಕ್ಯಗಳ್ನ ಓದಿದೆ. ಫ್ಯಾನ್ ಆಕಂಗಿಲ್ಲ, ಸದ್ದು ಬತ್ತದೆ ಅಂತ."

"ಮತ್ತೆ ಯಾಕೆ ಮೇಡಂ..."

"ಏಳ್ತೀನಿ ಕೇಳಿ. ಆಗಿನ್ನೂ ಸರ್ವೀಸಲ್ಲಿದ್ದೆ. ಎಲೆಕ್ಷನ್ ಬಂತು. ಒಂದಿನ ನಮ್ಮ ತಮ್ಮ ಫೋನ್ ಮಾಡಿ, ಏನಕ್ಕಾ, ಓಟು ಕೇಳಕ್ ನಿಂತ್ಕಂಡಿದ್ದೀಯಾ ಅಂದ. ಏನಪ್ಪಾ ಅಂದೆ. ನಿನ್ ದನಿಯಲ್ಲಿ ಫೋನ್ ಬತ್ತಾ ಐತೆ, ಊರ್ಗೆಲ್ಲಾ ಬಂದೈತೆ ಅಂದ."

ಕಂಪನಿಯವರು ಆ ದನಿಯನ್ನು ಫೋನ್ ಪ್ರಚಾರ ಮಾಡುವ ಇನ್ನೊಂದು ಸಂಸ್ಥೆಗೆ ಕೊಟ್ಟಿದ್ದರು. ಬರೆದುಕೊಟ್ಟದ್ದನ್ನೆಲ್ಲ ಹೇಳುವ ದನಿ ಅದು. ಆ ಸಂಸ್ಥೆ ಒಬ್ಬ ಅಭ್ಯರ್ಥಿಯ ಪರವಾಗಿ ಏನೇನೋ ಹೇಳಿಸಿತ್ತು, ಎದುರಾಳಿಯ ಮೇಲೆ ಕೆಟ್ಟ ಮಾತುಗಳನ್ನೂ ಸೇರಿಸಿ. ಸುತ್ತಮುತ್ತಲ ಹಳ್ಳಿಗಳಲ್ಲಿ ಟೀಚರ್ ಪಾಠ ಮಾಡದ ಮನೆಯಿಲ್ಲ. ಎಲ್ಲರಿಗೂ ದನಿಯ ಗುರುತು ಹತ್ತಿತು.

"ಸರ್ಕಾರಿ ಕೆಲಸದೋರು ಪ್ರಚಾರ ಮಾಡಂಗಿಲ್ಲ. ನನ್ ಮೇಲೆ ದೂರು ಓಯ್ತು, ವಿಚಾರಣೆ ಆಯ್ತು. ಇದು ನಾನಲ್ಲ, ಮಷೀನು ಅಂತ ನಾನೇ ಸಾಬೀತು ಮಾಡ್ಬೇಕಾಯ್ತು. ಅಧಿಕಾರಿ ಮುಂದೆ ಕೂತ್ಕಂಡು ಆ ರೆಕಾರ್ಡು ಕೇಳ್ಸಿದ್ರು. ನಾನ್ ಆಡ್ದೇ ಇರೋ ಮಾತು, ನನ್ ಬಾಯಲ್ಲಿ. ಕೇಳ್ತಾ ಕೇಳ್ತಾ ನಂಗೇ ಅನುಮಾನ ಬಂತು, ಎಲ್ಲಾದ್ರೂ ಏಳಿದ್ನಾ ಅಂತ." ಆಕೆ ಎದ್ದು ಏನನ್ನೋ ಸರಿಸಿ ಮತ್ತೆ ಕೂತರು. "ಕೊನೆಗೆ ಬುಟ್ರು. ಆದ್ರೆ ಆ ಕೆಟ್ಟ ಮಾತು ಕೇಳುಸ್ಕಂಡಿದ್ ಮನೆಯೋರು ಇವತ್ಗೂ ನನ್ನ ಮಾತಾಡ್ಸಲ್ಲ. ಅವ್ರ ಮಕ್ಕಳಿಗೆ ಅಕ್ಷರ ಕಲಿಸ್ದೋಳು ನಾನು."

ಯಜಮಾನರು ಕೂತಿದ್ದ ಕುರ್ಚಿ ಕಿರುಗುಟ್ಟಿತು. ಆದರೂ ಕೇಳಲೇಬೇಕಿತ್ತು.

"ನಮ್ಮಂಥವರು ತುಂಬ ಜನ ಇದ್ದೀವಿ ಮೇಡಂ. ಕೆಲವರಿಗೆ ಕೆಲಸಾನೇ ಇದರ ಮೇಲೆ ನಿಂತಿದೆ."

"ಅದೇ ಅಲ್ವಾ ನಂಗೂ ಸಂಕಟ. ನಿಮ್ಗೆ ಇಲ್ಲ ಅನ್ನಕ್ಕೆ ನಂಗೇನ್ ಖುಷಿನಾ? ಈಗ ಅದ್ನ ಎಲ್ಲಾರ್ಗೂ ಬುಟ್ಬುಟ್ರೆ, ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಏಳುಸ್ಬೋದು. ಆಗ ನಾನ್ ಯಾರ್ ಮೇಲೆ ದೂರು ಕೊಡ್ಲಿ? ವಾಪಸ್ ತಗಳಕ್ಕಾಯ್ತದಾ?"

ಆಗುವುದಿಲ್ಲ. ಅದು ನನಗೆ ಗೊತ್ತಿತ್ತು.

"ಕಂಪ್ನಿಯೋರು ಎಲ್ಲಾ ಅಳಿಸಾಕಿದ್ದೀವಿ ಅಂದವ್ರೆ. ಈಗ ಎಲ್ಲೂ ಇಲ್ಲ ಅಲ್ವಾ?" ಎಂದು ಕೇಳಿದರು.

ಹೌದು ಎಂದು ಎದ್ದು ಬರಬಹುದಿತ್ತು. ಬ್ಯಾಗಿನಲ್ಲಿ ಕೈ ಹಾಕಿದೆ. ಪೆನ್‌ಡ್ರೈವ್ ತಕ್ಷಣ ಸಿಗಲಿಲ್ಲ, ಕರವಸ್ತ್ರದೊಳಗೆ ಸೇರಿಕೊಂಡಿತ್ತು. ತೆಗೆದು ಮೇಜಿನ ಮೇಲಿಟ್ಟೆ.

"ಇದರಲ್ಲಿದೆ ಮೇಡಂ. ನಿನ್ನೆ ಕಾಪಿ ಮಾಡಿಕೊಂಡೆ."

ಹೊರಗೆ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹಾದುಹೋಯಿತು.

"ಯಾರ್ಗಾದ್ರೂ ಕೊಟ್ಟಿದ್ದೀರಾ?"

"ಇಲ್ಲ."

"ಕೊಡ್ಬೇಕು ಅಂತ ತಂದ್ರಾ?"

"ನೀವು ಒಪ್ಪಿದ್ರೆ ಕೊಡೋಣ ಅಂತ. ಒಪ್ಪದಿದ್ರೆ ಏನು ಮಾಡೋದು ಅಂತ ಗೊತ್ತಿರಲಿಲ್ಲ."

ಮೇಜಿನ ಮೇಲೆ ಅದು ಜರುಗಿದ ಸದ್ದು ಕೇಳಿಸಿತು. ಆಕೆ ಎತ್ತಿಕೊಂಡರು, ಇನ್ನು ಕೊಡುವುದಿಲ್ಲ ಅಂದುಕೊಂಡೆ. ನನ್ನ ಅಂಗೈ ಬಿಡಿಸಿ ಅದನ್ನು ಅಲ್ಲಿಟ್ಟು ಬೆರಳು ಮಡಿಚಿದರು.

"ನಿಮ್ ಕಿವಿಗೆ ಇಟ್ಕಳಿ. ಅದ್ಕೆ ನಾನು ಬ್ಯಾಡ ಅನ್ನಲ್ಲ. ಆಚಿಗ್ ಓಗ್ಬಾರ್ದು."

ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಹಿಂತಿರುಗುವಾಗ ಸ್ಕೂಟರಿನ ಮೇಲೆ ಒಂದು ವಿಷಯ ಹೊಳೆಯಿತು. ಕಚೇರಿಯ ಕಂಪ್ಯೂಟರಿಗೆ ಹತ್ತು ಜನ ಕೈ ಹಾಕುತ್ತಾರೆ, ಅದರಲ್ಲಿಟ್ಟರೆ ಆಚೆಗೆ ಹೋದ ಹಾಗೆಯೇ. ಮನೆಯ ಲ್ಯಾಪ್‌ಟಾಪಿಗೆ ಮಾತ್ರ ಹಾಕಬಹುದು. ಸೋಮವಾರಕ್ಕೆ ಅದರಿಂದ ಏನೂ ಉಪಯೋಗವಿಲ್ಲ.

ಸಂಜೆ ಗೆಳೆಯರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ದನಿ ನನ್ನ ಹತ್ತಿರ ಇದೆ, ಕೊಡುವುದಿಲ್ಲ ಎಂದೂ ಹೇಳಿದೆ. ಕಾಪಿ ಮಾಡಲು ಆಗಲಿಲ್ಲ ಎನ್ನಬಹುದಿತ್ತು, ಆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಅವರಿಗಾದದ್ದು ಅನ್ಯಾಯವೇ, ಇಲ್ಲ ಅನ್ನಲ್ಲ. ಆದ್ರೆ ಮಾಡಿದವನು ಯಾವನೋ. ಅದಕ್ಕೆ ನಾವ್ಯಾಕೆ ದಂಡ ಕಟ್ಟಬೇಕು?"

"ಮಾತು ಕೊಟ್ಟಿದ್ದೀನಿ."

"ನಿಮ್ಮದಾಯ್ತಲ್ಲ ಬಿಡಿ," ಎಂದು ಫೋನ್ ಇಟ್ಟರು. ಗುಂಪಿನಲ್ಲಿ ಅವರೇ ವಿಷಯ ತಿಳಿಸಿದರು. ಬಂದ ವಾಯ್ಸ್ ಮೆಸೇಜುಗಳಲ್ಲಿ ಅರ್ಧವನ್ನು ನಾನು ಕೇಳಲಿಲ್ಲ. ಒಬ್ಬಾಕೆ ಅತ್ತಿದ್ದರು. ಅದನ್ನು ಪೂರ್ತಿ ಕೇಳಿದೆ.

ಸೋಮವಾರ ಹಳೆಯ ಕಂಪ್ಯೂಟರ್ ಎತ್ತಿಕೊಂಡು ಹೋದರು. ಅದಕ್ಕೆ ಮುಂಚೆ ದನಿಯ ಫೋಲ್ಡರನ್ನು ನಾನೇ ಅಳಿಸಿದೆ. ಹೊಸದು ಬಂತು. ಹೆಡ್‌ಫೋನ್ ಹಾಕಿಕೊಂಡರೆ ಒಳಗೆ ಏನೂ ಇಲ್ಲ. ಸಾಹೇಬರು ಬಂದು ಪಕ್ಕದಲ್ಲಿ ನಿಂತು, "ಸ್ವಲ್ಪ ದಿನ ಮುಂದುಗಡೆ ಕೂತ್ಕೊಳ್ಳಿ, ನೋಡೋಣ," ಎಂದರು. ನಾನು ಬ್ಯಾಗು, ಕೋಲು ತೆಗೆದುಕೊಂಡು ವಿಚಾರಣೆ ಮೇಜಿಗೆ ಹೋದೆ. ನನ್ನ ಕಡತಗಳನ್ನು ಬೇರೆಯವರ ಮೇಜಿಗೆ ಹಂಚುತ್ತಿದ್ದುದು ಕೇಳಿಸುತ್ತಿತ್ತು. ಆ ದಿನ, ಮಾರನೆಯ ದಿನ, ಅದರ ಮಾರನೆಯ ದಿನವೂ ಅಲ್ಲೇ. ಮನೆಯಲ್ಲಿ ಯಜಮಾನರು ಊಟಕ್ಕೆ ಬಡಿಸಿ ಪಕ್ಕದಲ್ಲಿ ಕೂರುತ್ತಿದ್ದರು. ನಾನು ತಪ್ಪು ಮಾಡಿದೆನೋ ಎಂದು ಒಂದೊಂದು ಗಳಿಗೆ ಅನ್ನಿಸುತ್ತಿತ್ತು. ಪೆನ್‌ಡ್ರೈವ್ ಬೀರುವಿನಲ್ಲಿತ್ತು. ಗೆಳೆಯರಿಗೆ ಕಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು.

ಗುರುವಾರ ಮಧ್ಯಾಹ್ನ ಗೆಳೆಯರ ಮೆಸೇಜು ಬಂತು. ನಮಸ್ಕಾರ ಇಲ್ಲ, ಚೆನ್ನಾಗಿದ್ದೀರಾ ಇಲ್ಲ. "ಬಿಟ್ಟಿ ಸಿಗುವ ದನಿಯೊಂದನ್ನು ಈ ಕೋಡಿಗೆ ಜೋಡಿಸಿದ್ದೇನೆ. ಲಿಂಕ್ ಕಳಿಸಿದ್ದೇನೆ. ಹಳೇ ಫಾಂಟಿನ ಕಡತ ನಿಮ್ಮಲ್ಲಿ ಇರುವಷ್ಟು ಯಾರಲ್ಲೂ ಇಲ್ಲ. ಪರೀಕ್ಷೆ ಮಾಡಿ ಹೇಳಿ."

ಸಾಹೇಬರನ್ನು ಕೇಳಿಕೊಂಡೆ. ಅವರು ಕಂಪ್ಯೂಟರ್ ಹಾಕಲು ಬಂದಿದ್ದ ಟೆಕ್ನಿಷಿಯನ್ನನ್ನು ನನ್ನ ಜೊತೆಗೆ ಕಳಿಸಿದರು. ಆತ ಲಿಂಕ್ ಒತ್ತಿದ, ಏನೇನೋ ಕ್ಲಿಕ್ ಮಾಡಿದ.

"ಏನೋ ಇಂಗ್ಲಿಷಲ್ಲಿ ಬಂತು ಮೇಡಂ. ಓಕೆ ಒತ್ಬುಟ್ಟೆ."

"ಏನು ಬಂತು?"

"ನೋಡ್ಲಿಲ್ಲ. ಓಗ್ಬುಡ್ತು."

ಹೆಡ್‌ಫೋನ್ ಹಾಕಿದೆ. ಸದ್ದಿಲ್ಲ. ಕಂಪ್ಯೂಟರನ್ನು ಆರಿಸಿ ಹಾಕಿಸಿದೆ. ಆಗಲೂ ಇಲ್ಲ. ಗೆಳೆಯರಿಗೆ ಫೋನ್ ಮಾಡಿದೆ, ಅವರು ಬ್ಯಾಂಕಿನ ಕೆಲಸದ ನಡುವೆಯೇ ಎತ್ತಿದರು. ಅವರು ಹೇಳಿದ್ದನ್ನು ನಾನು ಟೆಕ್ನಿಷಿಯನ್ನಿಗೆ ಹೇಳಿ, ಆತ ನೋಡಿದ್ದನ್ನು ನಾನು ಅವರಿಗೆ ಹೇಳಿ, ಹೀಗೆ ನಡೆಯಿತು. ಸುತ್ತಲಿನ ಮೇಜುಗಳಲ್ಲಿ ಮಾತು ನಿಂತಿದ್ದು ನನಗೆ ಗೊತ್ತಾಗುತ್ತಿತ್ತು. ಸಾಹೇಬರೂ ಬಂದು ನಿಂತಿದ್ದರು. ಕೊನೆಗೆ ತಿಳಿದದ್ದು, ದನಿ ಹೆಡ್‌ಫೋನಿಗೆ ಬರದೆ ಪರದೆಯ ಸ್ಪೀಕರಿಗೆ ಹೋಗುತ್ತಿತ್ತು, ಆ ಸ್ಪೀಕರು ಆಫ್ ಆಗಿತ್ತು. ಟೆಕ್ನಿಷಿಯನ್ ಅದನ್ನು ಬದಲಾಯಿಸಿದ.

ಕಿವಿಯಲ್ಲಿ ತಗಡು ಕೆರೆದ ಹಾಗೆ ಏನೋ ಸದ್ದು. ಗಮನ ಕೊಟ್ಟು ಕೇಳಿದೆ. ಪದಗಳಿದ್ದವು.

ಸಾಹೇಬರು, "ಇದನ್ನ ನೋಡಿ," ಎಂದು ಯಾವುದೋ ಹಳೆಯ ಕಡತ ತೆರೆಸಿದರು. ಅದು ನನಗೆ ಗೊತ್ತಿಲ್ಲದ ಕಡತ. ನಾನು ಕೇಳುತ್ತಾ ಹೋದೆ. ಮೊದಲ ಪುಟದಲ್ಲಿ ಅರ್ಧ ತಪ್ಪಿತು, ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಅರ್ಜಿದಾರರು ಬಿಳಿಗೆರೆ ಕಡೆಯವರು, ಅವರ ಕೋರಿಕೆ ಇಂಥದ್ದು, ಅದಕ್ಕೆ ಹಿಂದೆ ಎರಡು ಸಲ ಉತ್ತರ ಹೋಗಿದೆ, ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಹೇಳಿದೆ. ಸಾಹೇಬರು ಪರದೆಯ ಮೇಲೆ ತಾವೇ ಓದಿಕೊಂಡರು. ನಾನು ಕಾದೆ.

"ಹೌದು," ಎಂದರು. ಆಮೇಲೆ ಯಾರಿಗೋ, "ಇವರ ಕಡತಗಳನ್ನ ಇಲ್ಲಿಗೆ ತಂದಿಡಿ."

ಆ ತಗಡಿನ ದನಿಗೆ ಒಗ್ಗಿಕೊಳ್ಳಲು ಸಾಕಷ್ಟು ದಿನ ಬೇಕಾಯಿತು. ಮೊದಮೊದಲು ಸಂಜೆಗೆ ತಲೆ ಸಿಡಿಯುತ್ತಿತ್ತು. ಈಗ ಹಳೆಯದಕ್ಕಿಂತ ಬೇಗ ಓದಿಸಿಕೊಳ್ಳುತ್ತೇನೆ. ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಕೋಡಿಗೆ ಜೋಡಿಸಿಕೊಂಡ ಟೀಚರ ದನಿ ಇದೆ, ಬಿಡುವಿದ್ದಾಗ ಅದರಲ್ಲಿ ಪತ್ರಿಕೆ ಕೇಳುತ್ತೇನೆ. ಗುಂಪಿನಿಂದ ಕೆಲವರು ಹೊರಟುಹೋದರು. ಅತ್ತಿದ್ದಾಕೆ ಉಳಿದಿದ್ದಾರೆ, ಆದರೆ ನನ್ನ ಮೆಸೇಜಿಗೆ ಉತ್ತರ ಕೊಡುವುದಿಲ್ಲ. ಗೆಳೆಯರೂ ನಾನೂ ವಾರಕ್ಕೊಮ್ಮೆ ಮಾತಾಡುತ್ತೇವೆ. ಯಾವ ಒತ್ತಕ್ಷರ ತಪ್ಪಿತು, ಯಾವ ಫಾಂಟು ಬಿಡಿಸಿಕೊಳ್ಳಲಿಲ್ಲ, ಅಷ್ಟೇ ಮಾತು. ದನಿಯ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ.

ಕೆಲವು ತಿಂಗಳ ಮೇಲೆ ಕಂಪನಿಯ ಹಳೆಯ ಮಾಲೀಕರು ಫೋನ್ ಮಾಡಿದರು. ನಾನು ಬದನವಾಳಿಗೆ ಆಗಾಗ ಹೋಗಿಬರುವುದು ಅವರ ಕಿವಿಗೆ ಬಿದ್ದಿತ್ತು. ಟೀಚರ ಹತ್ತಿರ ಒಂದು ಸಲ ಮಾತಾಡಬೇಕು, ಕ್ಷಮೆ ಕೇಳಬೇಕು, ನೀವು ಸ್ವಲ್ಪ ಹೇಳಿ ನೋಡಿ ಎಂದರು. ಮುಂದಿನ ಸಲ ಹೋದಾಗ ಹೇಳಿದೆ. ಆಕೆ ಅವರೆಕಾಯಿ ಸುಲಿಯುತ್ತಿದ್ದರು, ನಾನೂ ಕೈ ಜೋಡಿಸಿದ್ದೆ.

"ಅವ್ರ ಮಾತು ಇಲ್ಲಿ ಎತ್ಬ್ಯಾಡಿ," ಎಂದರು. ಸಿಟ್ಟಿರಲಿಲ್ಲ. ಸುಲಿಯುವ ಕೈ ನಿಲ್ಲಲೂ ಇಲ್ಲ.

ಆತನಿಗೆ ಅದನ್ನು ತಿಳಿಸುವುದು ನನ್ನ ಪಾಲಿಗೆ ಬಂತು. ಇಲ್ಲ ಅಂದರು ಸರ್ ಎಂದೆ. "ಸರಿಯಮ್ಮ," ಎಂದರು. ಫೋನ್ ಮಾತ್ರ ಇಡಲಿಲ್ಲ. ಆಮೇಲೆ, ಹಳೆಯ ಫಾಂಟುಗಳನ್ನು ಬಿಡಿಸುವ ಭಾಗದಲ್ಲಿ ತಾವೇ ಮಾಡಿದ ಒಂದು ತಪ್ಪು ಹಾಗೇ ಉಳಿದಿದೆ, ರಕಾರದ ಒತ್ತು ಕೆಲವು ಕಡೆ ಹಿಂದುಮುಂದಾಗುತ್ತದೆ, ಎಲ್ಲಿ ತಿದ್ದಬೇಕು ಹೇಳುತ್ತೇನೆ ಎಂದರು. ನಿಧಾನವಾಗಿ ಹೇಳಿ ಸರ್, ಗೆಳೆಯರಿಗೆ ಕಳಿಸುತ್ತೇನೆ ಎಂದು ನಾನು ರೆಕಾರ್ಡ್ ಗುಂಡಿ ಒತ್ತಲು ಹೋದೆ. ಒತ್ತುವ ಮೊದಲು, ನಿಮ್ಮ ದನಿಯನ್ನು ರೆಕಾರ್ಡ್ ಮಾಡಿಕೊಳ್ಳಲೇ ಎಂದು ಕೇಳಿದೆ. ಮಾಡಿಕೊಳ್ಳಿ ಎಂದರು.